ಎರಡನೆಯ ಹೆಡ್‌ಫೋನ್, ಎರಡನೆಯ ತಂಬೂರಿ

ಮನಸ್ಸಿಗೆ ಹಿಡಿಸಿದ ಹೆಡ್‌ಫೋನ್ ಒಂದು ಕೈಯಲ್ಲಿದ್ದು ಎರಡನೆಯದನ್ನು ಹುಡುಕಲು ಹೊರಟವರು ಮೊದಲು ಕೇಳುವುದು ‘ಇದಕ್ಕಿಂತ ಚಲೋದು ಯಾವುದೈತಿ?’ ಎಂದು. ಈ ಪ್ರಶ್ನೆಯನ್ನೇ ಬದಲಿಸಬೇಕು ಎಂಬುದು ನನ್ನ ವಾದ. ನಿಜಕ್ಕೂ ಚಲೋದು ಸಿಕ್ಕಿತೆನ್ನಿ, ಮೊದಲನೆಯದು ಕಪಾಟು ಸೇರುತ್ತದೆ; ಎರಡು ಕೊಂಡೂ ಕೇಳುವುದು ಒಂದನ್ನೇ. ಮೊದಲನೆಯದರ ಹಾಗೇ ನುಡಿಯುವ ಇನ್ನೊಂದು ಸಿಕ್ಕಿತೆನ್ನಿ, ಯಾವುದನ್ನು ಹಾಕಿಕೊಂಡರೂ ಕೇಳಿಸುವುದು ಅದೇ, ಕೇಳಿಸದೆ ಉಳಿಯುವುದೂ ಅದೇ. ಒಲಿದ ಹೆಡ್‌ಫೋನ್ ಏನು ಕೊಡುತ್ತದೆ ಎಂಬುದು ನಮಗೆ ಚೆನ್ನಾಗಿ ಗೊತ್ತು. ಅದು ಏನನ್ನು ಕೊಡಲಾರದು, ಎಲ್ಲಿ ಕೈಬಿಡುತ್ತದೆ, ಯಾವ ಹೊತ್ತಿನಲ್ಲಿ ಅದನ್ನು ತೆಗೆದಿಡಬೇಕಾಗುತ್ತದೆ ಎಂಬುದನ್ನು ಕುಳಿತು ಲೆಕ್ಕ ಹಾಕಿದರೆ ಎರಡನೆಯದರ ಆಯ್ಕೆ ಅರ್ಧ ಮುಗಿದಂತೆ. ಉಳಿದರ್ಧಕ್ಕೆ ಒಂದು ಕಟ್ಟುಪಾಡಿದೆ. ಹೆಚ್ಚಿನವರು ಮರೆಯುವುದು ಅದನ್ನೇ: ಮನುಷ್ಯನ ಕಂಠದ ವಿಷಯದಲ್ಲಿ ಎರಡೂ ಒಂದೇ ಮಾತಾಡಬೇಕು.

ಈ ಮಾತಿಗೆ ಸಾಕ್ಷಿ ಹುಡುಕಿಕೊಂಡು ಜರ್ಮನಿ, ಜಪಾನಿನ ಕಾರ್ಖಾನೆಗಳವರೆಗೆ ಹೋಗಬೇಕಿಲ್ಲ. ಕಾಗವಾಡದಿಂದ ಗಡಿ ದಾಟಿದರೆ ಮಿರಜ. ಅಲ್ಲಿ ತಂತಿವಾದ್ಯ ಕಟ್ಟುವ ಕಸುಬು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ, ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರ ಕೈಯಲ್ಲಿ ಬೇರೂರಿತು. 2024ರಲ್ಲಿ ಮಿರಜದ ಸಿತಾರಿಗೂ ತಂಬೂರಿಗೂ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತು. ಹಿಂದುಸ್ತಾನಿ ಗಾಯನದ ಕಛೇರಿಯಲ್ಲಿ ತಂಬೂರಿಗಳು ಹೆಚ್ಚಾಗಿ ಜೋಡಿಯಾಗಿ ಕೂರುತ್ತವೆ, ಹಾಡುವವರ ಹಿಂದೆ ಎಡಕ್ಕೊಂದು, ಬಲಕ್ಕೊಂದು. ಪ್ರತಿಯೊಂದಕ್ಕೂ ನಾಲ್ಕು ತಂತಿ. ನಡುವಿನ ಎರಡು ಷಡ್ಜಕ್ಕೆ, ಕೊನೆಯದು ಮಂದ್ರ ಷಡ್ಜಕ್ಕೆ. ಈ ಮೂರೂ ಎರಡು ತಂಬೂರಿಗಳಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲದೆ ಕೂಡಬೇಕು. ಸ್ವಾತಂತ್ರ್ಯವಿರುವುದು ಮೊದಲ ತಂತಿಗೆ ಮಾತ್ರ. ಒಂದರಲ್ಲಿ ಅದು ಪಂಚಮವಾದರೆ ಇನ್ನೊಂದರಲ್ಲಿ ರಾಗ ನೋಡಿಕೊಂಡು ನಿಷಾದಕ್ಕೆ ಏರಿಸುತ್ತಾರೆ. ಯಮನ್ ಹಾಡುವಾಗ ಒಂದು ತಂಬೂರಿಯ ಪಂಚಮದ ಪಕ್ಕದಲ್ಲಿ ಇನ್ನೊಂದರ ನಿಷಾದ ನುಡಿದರೆ ರಾಗದ ಅಂಗಳ ಹಾಡು ಶುರುವಾಗುವ ಮುನ್ನವೇ ಸಿದ್ಧವಾಗಿರುತ್ತದೆ. ಪಂಚಮವೇ ಇಲ್ಲದ ಮಾಲಕಂಸಕ್ಕೆ ಆ ತಂತಿಯನ್ನು ಮಧ್ಯಮಕ್ಕೆ ಇಳಿಸುತ್ತಾರೆ. ಎರಡನ್ನೂ ಪಂಚಮಕ್ಕೇ ಕೂಡಿಸಿದರೆ ನಾದ ದೊಡ್ಡದಾದೀತು, ಆದರೆ ನಿಷಾದದ ಜಾಗ ಖಾಲಿಯೇ ಉಳಿಯುತ್ತದೆ. ಎರಡರ ಷಡ್ಜ ಬೇರೆ ಬೇರೆಯಾದರಂತೂ ಯಾರೂ ಹಾಡಲಾರರು. ಎರಡನೆಯ ತಂಬೂರಿಯನ್ನು ಮೊದಲನೆಯದಕ್ಕಿಂತ ಮೇಲಿನದು ಎಂದು ಯಾರೂ ತರುವುದಿಲ್ಲ. ಷಡ್ಜವನ್ನು ಒಪ್ಪಿಕೊಂಡು, ಮೊದಲನೆಯದು ಬಿಟ್ಟ ಸ್ವರವನ್ನು ತುಂಬಲಿ ಎಂದು ತರುತ್ತಾರೆ. ಹೆಡ್‌ಫೋನ್ ಜೋಡಿಸುವವರಿಗೆ ಇಷ್ಟು ಸ್ಪಷ್ಟವಾದ ಸೂತ್ರ ಬೇರೆ ಕಡೆ ಸಿಗುವುದು ಕಷ್ಟ.

ಸಂಗೀತವನ್ನು ಮನಸ್ಸಿಟ್ಟು ಕೇಳುವ ಬಹಳ ಜನರ ಒಲವಿನ ಹೆಡ್‌ಫೋನ್ ಓಪನ್ ಬ್ಯಾಕ್ ಮಾದರಿಯದು, ಅಂದರೆ ಬಟ್ಟಲಿನ ಹಿಂಬದಿಗೆ ಜಾಲರಿ ಇದ್ದು ಗಾಳಿ ಆಡುವಂಥದ್ದು. ಸೆನ್‌ಹೈಸರ್ ಕಂಪನಿ 1968ರಲ್ಲಿ ಎಚ್‌ಡಿ 414 ಎಂಬ ಮಾದರಿಯಿಂದ ಈ ಬಗೆಯನ್ನು ಮಾರುಕಟ್ಟೆಗೆ ತಂದಿತು. ಅದೇ ಕಂಪನಿಯ 1997ರ ಎಚ್‌ಡಿ 600 ಇವತ್ತಿಗೂ ಕಂಠಸಂಗೀತ ಕೇಳುವವರ ನಚ್ಚಿನದು. ಬೆನ್ನು ತೆರೆದಿರುವುದರಿಂದ, ಅಲುಗಿ ದನಿ ಹುಟ್ಟಿಸುವ ಪರದೆಯ ಹಿಂದಿನ ನಾದ ಬಟ್ಟಲಿನೊಳಗೆ ತಿರುಗಿ ಬಡಿಯುವುದಿಲ್ಲ. ಹಾಡು ತಲೆಯೊಳಗೆ ಇಕ್ಕಟ್ಟಾಗಿ ಕೂರದೆ ತುಸು ಹೊರಗೆ ಹರಡಿಕೊಳ್ಳುತ್ತದೆ. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಗೆ ನೂಲೆಳೆ ಸರಿಸಿ ಜವಾರಿ ತೆಗೆದಾಗ ಏಳುವ ಉಪಸ್ವರಗಳು ಒಂದೊಂದಾಗಿ ಬಿಡಿಸಿಕೊಂಡು ಕೇಳುತ್ತವೆ. ಆದರೆ ಜಾಲರಿಗೆ ಒಳಗೆ ಹೊರಗೆ ಎಂಬ ಭೇದವಿಲ್ಲ. ಹಾಡು ಹೊರಗೆ ಹೋಗುತ್ತದೆ, ಊರಿನ ಸದ್ದು ಒಳಗೆ ಬರುತ್ತದೆ. ತೀರ ಕೆಳಗಿನ ನಾದಕ್ಕೆ ಬೇಕಾದ ಗಾಳಿಯ ಒತ್ತಡ ತೆರೆದ ಬಟ್ಟಲಿನಲ್ಲಿ ನಿಲ್ಲದೆ ಸೋರಿಹೋಗುತ್ತದೆ. ಹಾರ್ಮೋನಿಯಮ್ಮಿನ ಕರಿ ಒಂದನ್ನು ಷಡ್ಜ ಮಾಡಿಕೊಂಡು ಹಾಡುವ ಗಂಡಸಿನ ತಂಬೂರಿಯ ಮಂದ್ರ ಷಡ್ಜ ಸುಮಾರು 70 ಹರ್ಟ್ಜ್. ಅದರ ಮೇಲಿನ ಉಪಸ್ವರಗಳು ಧಾರಾಳವಾಗಿರುವುದರಿಂದ ಕಿವಿ ಅದನ್ನು ಹೇಗೋ ಕೂಡಿಸಿಕೊಳ್ಳುತ್ತದೆ. ಡೊಳ್ಳಿನ ಪೆಟ್ಟಿಗೆ ಮಾತ್ರ ಆ ಅನುಕೂಲವಿಲ್ಲ. ಅದರ ತಿರುಳೇ ಕೆಳಗಿದೆ.

ಈಗ ಮಿರಜದ ಈಚೆಗಿನ ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಎಂಬ ಈ ಐದು ತಾಲ್ಲೂಕುಗಳ ಸದ್ದನ್ನು ಗಮನಿಸಿ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರುಂಡ ಈ ಬಯಲು ಕಬ್ಬಿನ ನಾಡು. ಉಗಾರದಲ್ಲಿ 1939ರಿಂದಲೇ ಸಕ್ಕರೆ ಕಾರ್ಖಾನೆಯಿದೆ. ಆಮೇಲೆ ಚಿಕ್ಕೋಡಿ, ರಾಯಬಾಗ, ಅಥಣಿ, ನಿಪ್ಪಾಣಿ ಭಾಗಗಳಲ್ಲಿ ಸಹಕಾರಿಯಾಗಿ, ಖಾಸಗಿಯಾಗಿ ಒಂದೊಂದೇ ತಲೆಯೆತ್ತಿದವು. ದೀಪಾವಳಿಯ ಆಸುಪಾಸಿನಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾದರೆ ಬೇಸಿಗೆ ಕಾಲಿಡುವವರೆಗೆ ಎರಡು ಟ್ರೇಲರ್ ಹೂಡಿದ ಟ್ರ್ಯಾಕ್ಟರುಗಳು ರಾತ್ರಿಯೆಲ್ಲ ಸಾಲುಗಟ್ಟಿ ಸಾಗುತ್ತವೆ, ಒಂದೊಂದರಲ್ಲೂ ಸೌಂಡ್ ಬಾಕ್ಸು, ಒಂದೊಂದರಲ್ಲೂ ಬೇರೆ ಹಾಡು. ನಿಪ್ಪಾಣಿಯ ಮಗ್ಗುಲಲ್ಲೇ ಪುಣೆ–ಬೆಂಗಳೂರು ಹೆದ್ದಾರಿ. ಸ್ತವನಿಧಿ ಘಟ್ಟ ಹತ್ತುವ ಲಾರಿಗಳ ಏದುಸಿರು ಹಗಲೂ ರಾತ್ರಿ ಇದ್ದದ್ದೇ. ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗ ನಿಲ್ದಾಣಗಳನ್ನು ಹಾದು ಮಿರಜ–ಬೆಳಗಾವಿ ರೈಲುದಾರಿ ಸಾಗುತ್ತದೆ. ಕರೆಂಟು ಬಂದ ಹೊತ್ತಿಗೆ ಹೊಲದ ಮೋಟಾರುಗಳು ಗುಂಯ್‌ಗುಡತೊಡಗುತ್ತವೆ. ಮಾಘದಲ್ಲಿ ಚಿಂಚಲಿಯ ಮಾಯಕ್ಕನ ಜಾತ್ರೆ, ನಿಪ್ಪಾಣಿ ಸೀಮೆಯ ಅಪ್ಪಾಚಿವಾಡಿಯಲ್ಲಿ ಹಾಲಸಿದ್ಧನಾಥನ ಜಾತ್ರೆ, ಎರಡು ಕಡೆಯೂ ಡೊಳ್ಳು ಭಂಡಾರಗಳ ಸಂಭ್ರಮ. ಇಂಥ ಸೀಮೆಯಲ್ಲಿ ಜಾಲರಿ ಬೆನ್ನಿನ ಹೆಡ್‌ಫೋನಿನಲ್ಲಿ ವಿಳಂಬಿತ ಖಯಾಲ್ ಕೇಳಲು ಸಿಗುವುದು ರಾತ್ರಿ ಊರು ಮಲಗಿದ ಮೇಲಿನ ಕೆಲವು ತಾಸು. ಹಂಗಾಮಿನಲ್ಲಿ ಅದೂ ಇಲ್ಲ. ಇದು ಹೆಡ್‌ಫೋನಿನ ಕುಂದಲ್ಲ, ಊರಿನ ಕುಂದೂ ಅಲ್ಲ. ಕಬ್ಬು ಸಾಗಲೇಬೇಕು, ಜಾತ್ರೆ ನಡೆಯಲೇಬೇಕು. ಹಾಡು ಕೇಳುವವನು ತನ್ನ ಸಲಕರಣೆಯನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು.

ಹಾಗಾಗಿ ಇಲ್ಲಿಯವರ ಎರಡನೆಯ ಹೆಡ್‌ಫೋನ್ ಬೆನ್ನು ಮುಚ್ಚಿದ, ಕಿವಿಯನ್ನು ಪೂರ್ತಿ ಆವರಿಸುವ ಕ್ಲೋಸ್ಡ್ ಬ್ಯಾಕ್ ಆಗಿರಬೇಕು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಸೋನಿಯ ಎಂಡಿಆರ್ 7506 ಬಂದದ್ದು 1991ರಲ್ಲಿ, ಇಂದಿಗೂ ಧ್ವನಿಮುದ್ರಣದ ಕೋಣೆಗಳಲ್ಲಿ ದುಡಿಯುತ್ತಿದೆ. ಬೇಯರ್‌ಡೈನಾಮಿಕ್ ಕಂಪನಿಯ ಡಿಟಿ 770 ಪ್ರೊ ಹೊರಗಿನ ಸದ್ದನ್ನು ಸುಮಾರು 18 ಡೆಸಿಬೆಲ್ ತಗ್ಗಿಸುತ್ತದೆ ಎಂದು ತಯಾರಕರೇ ನಮೂದಿಸಿದ್ದಾರೆ. ಇದಕ್ಕೆ ಬ್ಯಾಟರಿ ಬೇಡ, ಇಷ್ಟೂ ಬಟ್ಟಲು ಮತ್ತು ಪ್ಯಾಡಿನ ಬಲದಿಂದಲೇ. ಮುಚ್ಚಿದ ಬಟ್ಟಲಿನಲ್ಲಿ ಗಾಳಿ ನಿಲ್ಲುವುದರಿಂದ ಒಲವಿನ ಹೆಡ್‌ಫೋನಿನಲ್ಲಿ ಸೋರಿಹೋಗುತ್ತಿದ್ದ ಡೊಳ್ಳಿನ ಪೆಟ್ಟು, ಕರಡಿಮಜಲಿನ ಗುಡುಗು ಇಲ್ಲಿ ಎದೆಗೆ ತಾಗುವಂತೆ ಬರುತ್ತವೆ. ಟ್ರ್ಯಾಕ್ಟರಿನಲ್ಲಿ ಮೊಳಗುವ ಡಿಜೆ ಜಾನಪದವನ್ನು ಶಾಸ್ತ್ರೀಯ ಕೇಳುವ ಕೆಲವರು ಕೀಳೆಂದು ಕಾಣುವುದುಂಟು. ಆ ಹಾಡುಗಳ ಜೀವ ತಾಳದ ಕೆಳದನಿಯಲ್ಲಿದೆ. ಅದನ್ನು ಕೇಳಿಸಲಾರದ ಹೆಡ್‌ಫೋನ್ ಹಾಕಿಕೊಂಡು ಅವುಗಳ ಬೆಲೆ ಕಟ್ಟುವುದು ನ್ಯಾಯವಲ್ಲ. ವಿದ್ಯುತ್ ರೋಧದ ಮಾತನ್ನೂ ಇಲ್ಲೇ ಹೇಳಿಬಿಡಬೇಕು. ಎಚ್‌ಡಿ 600ರದು 300 ಓಮ್, ಮೊಬೈಲಿಗೆ ನೇರ ಚುಚ್ಚಿದರೆ ಪೂರ್ತಿ ಅರಳುವುದಿಲ್ಲ, ಆಂಪ್ಲಿಫೈಯರ್ ಕೇಳುತ್ತದೆ. 7506ರದು 63 ಓಮ್. ಡಿಟಿ 770 ಪ್ರೊ 32, 80, 250 ಓಮ್‌ಗಳಲ್ಲಿ ಸಿಗುತ್ತದೆ. ಚಿಕ್ಕೋಡಿಯಿಂದ ಬೆಳಗಾವಿಗೆ ಬಸ್ಸಿನಲ್ಲಿ ಹೋಗುವವರು, ಪರೀಕ್ಷೆಗೆ ಓದಲು ರೂಮು ಹಿಡಿದವರು, ನೀರು ಹಾಯಿಸಲು ರಾತ್ರಿ ಹೊಲಕ್ಕೆ ಹೋಗುವವರು ಆಂಪ್ಲಿಫೈಯರ್ ಹೊತ್ತು ತಿರುಗಲಾರರು. ಅವರಿಗೆ ಕಡಿಮೆ ಓಮ್‌ನದೇ ಸರಿ. ಕನ್ನಡಕದ ಕಡ್ಡಿಯೋ ತಲೆಗೆ ಸುತ್ತಿದ ಪಟಕಾದ ಅಂಚೋ ಪ್ಯಾಡಿನಡಿ ಸಿಕ್ಕರೆ ಸಂದಾಗಿ ಕೆಳದನಿಯೆಲ್ಲ ಅಲ್ಲಿಂದಲೇ ಜಾರಿಹೋಗುತ್ತದೆ. ಕೊಳ್ಳುವಾಗ ಅವನ್ನು ಧರಿಸಿಯೇ ಪರೀಕ್ಷಿಸಬೇಕು. ಅಥಣಿ ಕಡೆಯ ಏಪ್ರಿಲ್, ಮೇ ಬಿಸಿಲಿಗೆ ಕೃತಕ ಚರ್ಮದ ಪ್ಯಾಡು ಬೆವರಿ ಹೊಟ್ಟೇಳುತ್ತದೆ. ಮಕಮಲ್ಲಿನ ಪ್ಯಾಡು ತಂಪು, ಆದರೆ ಸದ್ದು ತಡೆಯುವುದು ತುಸು ಕಡಿಮೆ. ಹೊಸ ಪ್ಯಾಡು ಬಿಡಿಯಾಗಿ ಸಿಗುವಂಥ ಮಾದರಿಯನ್ನೇ ಆರಿಸಬೇಕು ಎನ್ನಲು ಈ ಬಿಸಿಲೊಂದೇ ಸಾಕು.

ಇಷ್ಟು ಭಿನ್ನತೆ ಬೇಕು ಎಂದ ಮೇಲೆ ಒಪ್ಪಂದದ ಮಾತಿಗೆ ಬರಬೇಕು. ಮುಚ್ಚಿದ ಬಟ್ಟಲಿನ ಹೆಡ್‌ಫೋನುಗಳಲ್ಲಿ ಬಹಳಷ್ಟು ಕೆಳದನಿಯನ್ನೂ ಮೇಲ್ದನಿಯನ್ನೂ ಉಬ್ಬಿಸಿ ನಡುವಿನ ಕಂಠವನ್ನು ಹಿಂದಕ್ಕೆ ತಳ್ಳುತ್ತವೆ. ಅಂಗಡಿಯಲ್ಲಿ ಎರಡು ನಿಮಿಷ ಕೇಳಿದರೆ ಅದು ಅದ್ಭುತವೆನಿಸುತ್ತದೆ. ಒಲವಿನ ಹೆಡ್‌ಫೋನಿನಿಂದ ನೇರ ಇದಕ್ಕೆ ಬಂದಾಗ ಗೊತ್ತಾಗುತ್ತದೆ, ಮಲ್ಲಿಕಾರ್ಜುನ ಮನಸೂರರ ದನಿಯ ಅಂಚು ಎಲ್ಲೋ ಕಳೆದುಹೋಗಿದೆ ಎಂದು. ಆಮೇಲೆ ಒಂದು ತಾಸು ಕೇಳಿದರೆ ಕಿವಿ ಇದಕ್ಕೂ ಒಗ್ಗಿಕೊಳ್ಳುತ್ತದೆ. ತೊಂದರೆ ಅಲ್ಲಿಯೇ ಇದೆ: ಇದಕ್ಕೆ ಒಗ್ಗಿದ ಕಿವಿಗೆ ಒಲವಿನದು ಸಪ್ಪೆ ಎನಿಸತೊಡಗುತ್ತದೆ. ಷಡ್ಜ ಬೇರೆಯಾದ ಜೋಡಿ ತಂಬೂರಿ ಒಂದನ್ನೊಂದು ಕೆಡಿಸುವಂತೆ ಎರಡನೆಯದು ಮೊದಲನೆಯದನ್ನೂ ಕೆಡಿಸಿತು. ಹಾರ್ಮನ್ ಕಂಪನಿಯಲ್ಲಿ ಶಾನ್ ಆಲಿವ್ ಮತ್ತು ಟಾಡ್ ವೆಲ್ಟಿ 2012ರ ಈಚೆಗೆ ನಡೆಸಿದ ಪ್ರಯೋಗಗಳೂ ಈ ನಿಟ್ಟಿನಲ್ಲಿ ಗಮನಾರ್ಹ. ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಸ್ಪೀಕರ್ ಕೇಳಿದಂತೆ ನುಡಿಯುವ ಹೆಡ್‌ಫೋನನ್ನೇ ಕೇಳುಗರಲ್ಲಿ ಹೆಚ್ಚಿನವರು ಮೆಚ್ಚಿದರು. ಕೆಳದನಿ ಎಷ್ಟಿರಬೇಕು ಎಂಬಲ್ಲಿ ಮಾತ್ರ ವಯಸ್ಸು, ಅನುಭವ ನೋಡಿಕೊಂಡು ರುಚಿ ಬೇರೆಯಾಯಿತು. ಮಿರಜದ ಜೋಡಿಯ ರೀತಿಯೂ ಹೆಚ್ಚುಕಡಿಮೆ ಇದೇ. ನಡುವಿನದು ಒಂದೇ ಇರಲಿ, ಅಂಚಿನದು ಬೇರೆಯಾಗಲಿ.

ನಡುದನಿ ಯಾಕಿಷ್ಟು ಮುಖ್ಯ ಎಂಬುದಕ್ಕೆ ಈ ಸೀಮೆಯ ಕೇಳ್ಮೆಯ ಪರಂಪರೆಯೇ ಉತ್ತರ. ಉತ್ತರದ ಕೈರಾನಾದಲ್ಲಿ 1872ರಲ್ಲಿ ಹುಟ್ಟಿದ ಅಬ್ದುಲ್ ಕರೀಂ ಖಾನರು ಮಿರಜದಲ್ಲಿ ನೆಲೆ ನಿಂತರು, 1937ರಲ್ಲಿ ತೀರಿಕೊಂಡ ಮೇಲೆ ಅಲ್ಲಿಯ ದರ್ಗಾದ ಆವರಣದಲ್ಲೇ ಮಣ್ಣಾದರು. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು. ಅವರಿಂದ ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರು. ಮನಸೂರರು ಕಲಿತದ್ದು ಮೊದಲಿಗೆ ಮಿರಜದ ನೀಲಕಂಠಬುವಾ ಅವರಲ್ಲಿ. ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದವರು ಕುಮಾರ ಗಂಧರ್ವರು. 1950ರಿಂದ ಧಾರವಾಡ ಆಕಾಶವಾಣಿ, ಆಮೇಲೆ ಸಾಂಗಲಿ ಕೇಂದ್ರ, ಎರಡನ್ನೂ ತಿರುಗಿಸಿ ತಿರುಗಿಸಿ ಕೇಳಿದ ಜನ ಈ ಸೀಮೆಯವರು. ಕನ್ನಡ ವಚನ, ಮರಾಠಿ ನಾಟ್ಯಗೀತೆ, ಶ್ರೀಕೃಷ್ಣ ಪಾರಿಜಾತದ ಪದ, ಅಭಂಗ, ಎಲ್ಲವೂ ಕಂಠವೇ ಪ್ರಧಾನವಾದ ಸಂಗೀತ. ಖಾನ್ ಸಾಹೇಬರ ಕೊನೆಯ ವರ್ಷಗಳ ಮುದ್ರಿಕೆಗಳನ್ನೇ ತೆಗೆದುಕೊಳ್ಳಿ. ಒಂದು ಮಗ್ಗುಲಿಗೆ ಮೂರು ಮಿನಿಟು ಹಿಡಿಯುತ್ತಿದ್ದ 78 ವೇಗದ ತಟ್ಟೆಗಳು ಅವು. 1925ರ ಸುಮಾರಿಗೆ ವಿದ್ಯುತ್ ಧ್ವನಿಮುದ್ರಣ ಬಂದ ಮೇಲೂ ಆ ತಟ್ಟೆಗಳಲ್ಲಿ ತೀರ ಕೆಳಗಿನದೂ ತೀರ ಮೇಲಿನದೂ ಹೆಚ್ಚಾಗಿ ನಿಂತಿಲ್ಲ. ನಿಂತದ್ದು ನಡುವಿನ ದನಿ, ಅದರ ಮೇಲೆ ಸೂಜಿಯ ಕೊರೆತದ ಸರಸರ. ಮೇಲ್ದನಿ ಉಬ್ಬಿಸುವ ಹೆಡ್‌ಫೋನ್ ಆ ಸರಸರವನ್ನೇ ಮುಂದಕ್ಕೆ ತಂದು ಖಾನರನ್ನು ಅದರ ಹಿಂದೆ ನಿಲ್ಲಿಸುತ್ತದೆ. ಆದ್ದರಿಂದ ಹೊಸ ಹಾಡುಗಳಿಂದ ಮರುಳಾಗದೆ ಈ ಹಳೆಯ ತಟ್ಟೆಗಳಿಂದ ಹೆಡ್‌ಫೋನ್ ಪರೀಕ್ಷಿಸುವುದು ಒಳ್ಳೆಯದು.

ಎರಡನೆಯದು ಬೇಕು ಎಂಬ ಈ ವಾದಕ್ಕೆ ಬರುವ ಆಕ್ಷೇಪಗಳು ಬಲವಾಗಿಯೇ ಇವೆ. ಮೊಬೈಲಿನಲ್ಲೇ ಈಕ್ವಲೈಜರ್ ಇದೆಯಲ್ಲ, ಇರುವ ಒಂದನ್ನೇ ಬೇಕಾದಂತೆ ತಿದ್ದಿಕೊಂಡರಾಯಿತು ಎನ್ನುತ್ತಾರೆ. ದನಿಯ ಬಣ್ಣ ತಿದ್ದಲು ಈಕ್ವಲೈಜರ್ ನಿಜಕ್ಕೂ ಉಪಯುಕ್ತ. ಎರಡು ಹೆಡ್‌ಫೋನುಗಳ ಕಂಠವನ್ನು ಒಂದು ಹದಕ್ಕೆ ತರಲು ನಾನೂ ಅದನ್ನೇ ಸೂಚಿಸುತ್ತೇನೆ. ಆದರೆ ಜಾಲರಿಯನ್ನು ಮುಚ್ಚುವುದು ಅದರ ಕೈಯಲ್ಲಿಲ್ಲ. ತೆರೆದ ಬಟ್ಟಲಿನಲ್ಲಿ ಕೆಳದನಿಯನ್ನು ಬಲವಂತವಾಗಿ ಏರಿಸಿದರೆ ಪರದೆ ಶಕ್ತಿ ಮೀರಿ ಅಲುಗಾಡಿ ದನಿ ಒಡೆಯುತ್ತದೆ, ಹೊರಗಿನ ಟ್ರ್ಯಾಕ್ಟರ್ ಹಾಗೇ ಕೇಳುತ್ತಿರುತ್ತದೆ. ಇನ್ನು ಕೆಲವರು ಎರಡರ ದುಡ್ಡು ಕೂಡಿಸಿ ಒಂದೇ ದುಬಾರಿಯದನ್ನು ಕೊಳ್ಳಿ ಎನ್ನುತ್ತಾರೆ. ಓಪನ್ ಬ್ಯಾಕ್‌ನಲ್ಲಿ ಎಷ್ಟೇ ದುಬಾರಿಯದನ್ನು ಕೊಂಡರೂ ಅದರ ಬೆನ್ನು ತೆರೆದೇ ಇರುತ್ತದೆ. ಬೆಲೆ ಮೂರು ಪಟ್ಟಾದರೆ ಸೂಕ್ಷ್ಮತೆ ಒಂದಿಷ್ಟು ಹೆಚ್ಚೀತು, ಕೇಳಲು ಸಿಗುವ ಹೊತ್ತು ಹೆಚ್ಚುವುದಿಲ್ಲ.

ನಾಯ್ಸ್ ಕ್ಯಾನ್ಸಲಿಂಗ್ ಬ್ಲೂಟೂತ್ ಹೆಡ್‌ಫೋನಿನ ಪರವಾದ ವಾದಕ್ಕೆ ಹೆಚ್ಚು ಗೌರವ ಸಲ್ಲಬೇಕು. ಪುಟ್ಟ ಮೈಕುಗಳಿಂದ ಹೊರಗಿನ ಸದ್ದನ್ನು ಹಿಡಿದು ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಕಿವಿಯ ಬಳಿ ಹುಟ್ಟಿಸಿ ಎರಡನ್ನೂ ಅಳಿಸುವ ತಂತ್ರ ಅದು. ಬಸ್ಸಿನ ಎಂಜಿನ್, ಮೋಟಾರಿನ ಗುಂಯ್‌ಕಾರದಂಥ ಒಂದೇ ಸಮನೆಯ ಕೆಳದನಿಯ ಮೇಲೆ ಅದರ ಕೆಲಸ ಬೆರಗು ಹುಟ್ಟಿಸುವಂಥದ್ದು. ಬರಿಯ ಬಟ್ಟಲು ಆ ಕೆಳದನಿಯನ್ನು ಅಷ್ಟು ತಡೆಯಲಾರದು. ದಿನಾ ಬಸ್ಸಿನಲ್ಲೇ ಮೂರು ನಾಲ್ಕು ತಾಸು ಕಳೆಯುವವರಿಗೆ ನಾನು ಅದನ್ನು ಬೇಡ ಎನ್ನುವುದಿಲ್ಲ. ಉಳಿದವರಿಗೆ ಎರಡು ಕಾರಣಕ್ಕೆ ಹಿಂಜರಿಯುತ್ತೇನೆ. ಹಾರ್ನು, ಪಕ್ಕದವರ ಮಾತು, ಹಠಾತ್ತನೆ ಬಡಿಯುವ ಸದ್ದುಗಳ ಮೇಲೆ ಅದರ ಹಿಡಿತ ಸಡಿಲ. ನಿಪ್ಪಾಣಿ ಪೇಟೆಯಲ್ಲಿ ಕಾಡುವುದು ಇವೇ. ಎರಡನೆಯದು ಅದರ ಆಯುಷ್ಯ. ಒಳಗಿನ ಲಿಥಿಯಂ ಬ್ಯಾಟರಿ ಕೆಲವು ವರ್ಷಗಳಲ್ಲಿ ಸೊರಗುತ್ತದೆ, ಹೆಚ್ಚಿನ ಮಾದರಿಗಳಲ್ಲಿ ಅದನ್ನು ನಾವೇ ಬದಲಿಸುವಂತಿಲ್ಲ. ತಂತಿಯ ಹೆಡ್‌ಫೋನಿಗೆ ಪ್ಯಾಡು, ವೈರು ಬದಲಿಸುತ್ತ ಹೋದರೆ ಇಪ್ಪತ್ತು ವರ್ಷ ಬಾಳುತ್ತದೆ. ರೈತರ ದುಡಿಮೆಯ ದುಡ್ಡಿನಿಂದ ಕೊಳ್ಳುವ ವಸ್ತುವಿಗೆ ಈ ಲೆಕ್ಕ ಸಣ್ಣದಲ್ಲ.

ದುಡ್ಡಿನ ಮಾತು ಬಂದಾಗ ಇನ್ನೂ ಕಟುವಾದ ಆಕ್ಷೇಪ ಎದುರಾಗುತ್ತದೆ: ಕಬ್ಬಿನ ಬಾಕಿಗೆ ಕಾಯುವ, ಕೃಷ್ಣೆಯ ನೆರೆಗೆ ಅಂಜುವ ಸೀಮೆಯಲ್ಲಿ ಎರಡೆರಡು ಹೆಡ್‌ಫೋನ್ ಬೇಕೇ? ನನ್ನ ಉತ್ತರ ಕಿವಿಯ ಆರೋಗ್ಯದಿಂದ ಶುರುವಾಗುತ್ತದೆ. ವಾರಕ್ಕೆ 40 ತಾಸು 80 ಡೆಸಿಬೆಲ್ ಕೇಳುವುದು ವಯಸ್ಕರಿಗೆ ಸುರಕ್ಷಿತ ಎಂದು ವಿಶ್ವ ಆರೋಗ್ಯ ಸಂಸ್ಥೆ ಮಿತಿ ಹಾಕಿದೆ. ಪ್ರತಿ 3 ಡೆಸಿಬೆಲ್ ಏರಿದಂತೆ ಈ ಅವಧಿ ಅರ್ಧವಾಗುತ್ತದೆ. 90 ಡೆಸಿಬೆಲ್‌ಗೆ ವಾರಕ್ಕೆ 4 ತಾಸು ಮಾತ್ರ. ಗದ್ದಲದ ನಡುವೆ ಜಾಲರಿ ಹೆಡ್‌ಫೋನ್ ಹಾಕಿಕೊಂಡವರು ಗದ್ದಲವನ್ನು ಮೀರಿಸಲು ದನಿ ಏರಿಸುತ್ತಾರೆ, ಗೊತ್ತಿಲ್ಲದೆ ಆ 90ರ ಆಸುಪಾಸು ತಲುಪುತ್ತಾರೆ. ಹೊರಗಿನ ಸದ್ದು ತಡೆಯುವ ಬಟ್ಟಲಿದ್ದರೆ ಅದೇ ಹಾಡನ್ನು ಮೆಲ್ಲಗೆ ಕೇಳಬಹುದು. ಕಿವಿಯೊಳಗಿನ ಕೂದಲಿನಂಥ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಜೊತೆಗೆ ಎರಡನೆಯದು ದುಬಾರಿಯದೇ ಆಗಬೇಕೆಂದಿಲ್ಲ. ಎರಡು ಸಾವಿರ ರೂಪಾಯಿ ಒಳಗಿನ, ಕಿವಿಯೊಳಗೆ ಬಿಗಿಯಾಗಿ ಕೂರುವ ತಂತಿಯ ಇಯರ್‌ಫೋನುಗಳಲ್ಲೂ ಕಂಠಕ್ಕೆ ನಿಷ್ಠವಾದವು ಈಗ ಇವೆ, ಸದ್ದನ್ನೂ ಚೆನ್ನಾಗಿ ತಡೆಯುತ್ತವೆ. ಒಲವಿನದೇ ಮುಚ್ಚಿದ ಬಟ್ಟಲಿನದಾಗಿದ್ದರೆ ಲೆಕ್ಕ ತಿರುಗಿಸಿ: ಎರಡನೆಯದು ತೆರೆದಿರಲಿ. 1984ರಿಂದ ಬರುತ್ತಿರುವ ಕಾಸ್ ಕಂಪನಿಯ ಪೋರ್ಟಾ ಪ್ರೊ ಹಗುರ, ಅಗ್ಗ, ಮೊಬೈಲಿಗೇ ಸಾಲುತ್ತದೆ. ಮನೆಯಲ್ಲಿ ಅವ್ವ ಕೂಗಿದರೆ ಕೇಳಿಸುತ್ತದೆ ಕೂಡ.

ಹೆಡ್‌ಫೋನ್ ಎಂಬುದೇ ಮನುಷ್ಯನನ್ನು ಒಂಟಿ ಮಾಡುವ ವಸ್ತು, ಭಜನಿ ಮೇಳದಲ್ಲಿ ಕೂತು ಹಾಡಿಕೊಂಡು ಬೆಳೆದ ಊರಿಗೆ ಅದು ಒಗ್ಗದು ಎನ್ನುವವರ ಕಳಕಳಿಯನ್ನು ನಾನು ಹಂಚಿಕೊಳ್ಳುತ್ತೇನೆ. ಮೇಳದ ಜಾಗವನ್ನು ಯಾವ ಹೆಡ್‌ಫೋನೂ ತುಂಬಲಾರದು, ತುಂಬಬಾರದು. ಆದರೆ ಪದ ಕಲಿಯುವ ಹುಡುಗನಿಗೆ, ರಾಗದ ಎಳೆ ಹಿಡಿಯಲು ಒಂದೇ ಆಲಾಪವನ್ನು ಮತ್ತೆ ಮತ್ತೆ ಕೇಳಬೇಕಾದ ಹುಡುಗಿಗೆ, ಮನೆಮಂದಿ ಮಲಗಿದಾಗ ಕೇಳುವ ಅವಕಾಶ ಬೇಕು. ಹಾಗೆ ಕೇಳಿ ಕಲಿತದ್ದನ್ನು ಅವರು ತಂದು ಹಾಡುವುದು ಮೇಳದಲ್ಲೇ.

ಆದುದರಿಂದ ಎರಡನೆಯದನ್ನು ಕೊಳ್ಳಲು ಹೊರಟವರಲ್ಲಿ ನನ್ನ ವಿನಂತಿ ಇಷ್ಟು. ವಾಪಸು ಮಾಡಲು ಅವಕಾಶ ಕೊಡುವ ಕಡೆಯೇ ಕೊಳ್ಳಿ. ಮನೆಗೆ ತಂದು, ದನಿಯ ಮಟ್ಟ ಎರಡರಲ್ಲೂ ಒಂದೇ ಇಟ್ಟು, ಖಾನ್ ಸಾಹೇಬರ ಭೈರವಿ ಠುಮ್ರಿಯನ್ನು ಮೊದಲು ಒಲವಿನದರಲ್ಲಿ, ತಡಮಾಡದೆ ಹೊಸದರಲ್ಲಿ ಕೇಳಿ. ಆಮೇಲೆ ಡೊಳ್ಳಿನ ಒಂದು ಪದ ಹಾಕಿ. ಸಾಧ್ಯವಾದರೆ ಟ್ರ್ಯಾಕ್ಟರು ಹಾಯುವ ಹೊತ್ತಿನಲ್ಲಿ. ಡೊಳ್ಳು ಬೇರೆಯಾಗಿ ಕೇಳಿ, ಖಾನ್ ಸಾಹೇಬರು ಅದೇ ಮನುಷ್ಯರಾಗಿ ಉಳಿದರೆ ಇಟ್ಟುಕೊಳ್ಳಿ. ಖಾನ್ ಸಾಹೇಬರ ದನಿ ಬದಲಾಯಿತೋ, ಡೊಳ್ಳು ಎಷ್ಟೇ ಗುಡುಗಲಿ, ಹಿಂದಕ್ಕೆ ಕಳಿಸಿಬಿಡಿ.